ಡೋರಾ ಜೋರ್ಡನ್: ನಗುವಿಗೆ ಚಪ್ಪಾಳೆ ಸಿಕ್ಕಿತು, ಮರ್ಯಾದೆ ಸಿಗಲಿಲ್ಲ

1785ರ ಅಕ್ಟೋಬರ್ 18. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಡೋರಾ ಜೋರ್ಡನ್ ಮೊದಲ ಸಲ ಬಣ್ಣ ಹಚ್ಚಿದಳು. ಅಲ್ಲಿ ಆಗ ಸಾರಾ ಸಿಡನ್ಸ್‌ದೇ ಕಾರುಬಾರು. ಆಕೆಯ ದುರಂತ ಪಾತ್ರಗಳನ್ನು ನೋಡಿ ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಡೋರಾ ಆ ದಾರಿ ಹಿಡಿಯಲಿಲ್ಲ. ‘ದಿ ಕಂಟ್ರಿ ಗರ್ಲ್’ ನಾಟಕದ ಪೆಗ್ಗಿ ಎಂಬ ಹಳ್ಳಿ ಹುಡುಗಿಯಾಗಿ ಬಂದು ಎಲ್ಲರನ್ನೂ ನಗಿಸಿಬಿಟ್ಟಳು.

ಆಗ ಅವಳಿಗೆ 23 ವರ್ಷ. ತಾಯಿ ನಟಿ, ತಂದೆ ಸಂಸಾರ ಬಿಟ್ಟು ಹೋಗಿದ್ದ. ಡಬ್ಲಿನ್ನಿನ ನಾಟಕ ಮಾಲೀಕನ ಕಾಟ ತಾಳದೆ, 1782ರಲ್ಲಿ ಗರ್ಭಿಣಿಯಾಗಿಯೇ ಇಂಗ್ಲೆಂಡಿಗೆ ಓಡಿ ಬಂದಿದ್ದಳು. ಟೇಟ್ ವಿಲ್ಕಿನ್ಸನ್ನನ ಕಂಪನಿ ಸೇರಿ, ಯಾರ್ಕ್‌ಶೈರ್‌ನಲ್ಲಿ ಊರೂರು ಸುತ್ತಿ ಪಳಗಿದಳು.

ಷೇಕ್ಸ್‌ಪಿಯರನ ವಯೋಲಾ, ರೊಸಾಲಿಂಡ್ ಪಾತ್ರಗಳಲ್ಲಿ ಗಂಡು ವೇಷ ಹಾಕಿ ಬಂದರೆ ಥಿಯೇಟರ್ ತುಂಬುತ್ತಿತ್ತು. ಅವಳ ದನಿ, ಅವಳ ನಗು ಹ್ಯಾಜ್ಲಿಟ್, ಲೀ ಹಂಟ್‌ರಂಥ ವಿಮರ್ಶಕರನ್ನೂ ಗೆದ್ದವು.

1790ರ ಹೊತ್ತಿಗೆ ರಾಜ ಮೂರನೇ ಜಾರ್ಜನ ಮಗ, ಕ್ಲಾರೆನ್ಸ್‌ನ ಡ್ಯೂಕ್ ವಿಲಿಯಂ ಅವಳ ಬೆನ್ನು ಬಿದ್ದ. ಇಬ್ಬರೂ 20 ವರ್ಷ ಒಟ್ಟಿಗೆ ಬಾಳಿದರು, 10 ಮಕ್ಕಳಾದರು. ಮದುವೆ ಮಾತ್ರ ಆಗಲಿಲ್ಲ. ರಾಜನ ಒಪ್ಪಿಗೆ ಇಲ್ಲದೆ ರಾಜಮನೆತನದವರು ಮದುವೆಯಾದರೆ ಅದು ಊರ್ಜಿತವಲ್ಲ ಎಂದು 1772ರ ಕಾಯ್ದೆ ಹೇಳುತ್ತಿತ್ತು. ಡೋರಾ ಬಸಿರು, ಬಾಣಂತನಗಳ ನಡುವೆಯೂ ನಟಿಸುತ್ತಲೇ ಇದ್ದಳು. ಸಾಲದಲ್ಲಿ ಮುಳುಗಿದ ಡ್ಯೂಕನಿಗೆ ಅವಳ ದುಡಿಮೆಯೇ ಎಷ್ಟೋ ಸಲ ಆಸರೆ. ಆದರೂ ವ್ಯಂಗ್ಯಚಿತ್ರಗಳಲ್ಲಿ ಜಾಸ್ತಿ ಹೀನಾಯ ಮಾಡಿದ್ದು ಅವಳನ್ನೇ. ಇದು ಅನ್ಯಾಯ ಅಲ್ವಾ?

1811ರಲ್ಲಿ ಅವಳು ಚೆಲ್ಟನ್‌ಹ್ಯಾಮ್‌ನಲ್ಲಿ ನಾಟಕ ಆಡುತ್ತಿದ್ದಾಗ ಡ್ಯೂಕನ ಪತ್ರ ಬಂತು. ಬೇರೆಯಾಗುವ ಮಾತುಕತೆಗೆ ಕರೆದಿದ್ದ. ಹಣವಂತ ಹೆಣ್ಣನ್ನು ಮದುವೆಯಾಗುವ ಯೋಚನೆ ಅವನದು. ಆ ರಾತ್ರಿಯೂ ಡೋರಾ ರಂಗಕ್ಕೆ ಹೋದಳು. ಪಾತ್ರ ಜೋರಾಗಿ ನಗಬೇಕಾದ ಜಾಗದಲ್ಲಿ ಅವಳಿಗೆ ಅಳು ಉಕ್ಕಿ ಬಂತಂತೆ. ಎದುರಿದ್ದ ನಟ ತಕ್ಷಣ ಮಾತು ಬದಲಿಸಿ, ಕುಡಿದ ಅಮಲಿನಲ್ಲಿ ಅಳುತ್ತಿದ್ದಾಳೆ ಎಂದು ಸೇರಿಸಿ ದೃಶ್ಯ ಉಳಿಸಿದನಂತೆ.

ವರ್ಷಕ್ಕೆ 4,400 ಪೌಂಡ್ ಕೊಡುವ ಒಪ್ಪಂದವಾಯಿತು. ಮತ್ತೆ ರಂಗಕ್ಕೆ ಬಂದರೆ ಚಿಕ್ಕ ಹೆಣ್ಣುಮಕ್ಕಳೂ ಇಲ್ಲ, ಅವರ ಪಾಲಿನ ಹಣವೂ ಇಲ್ಲ ಎಂಬ ಷರತ್ತು ಅದರಲ್ಲೇ ಇತ್ತು. ಅವಳ ಸಂಪಾದನೆ ತಿಂದ ಮನೆಯೇ ಅವಳ ಕಸುಬನ್ನು ಕಳಂಕ ಎಂದಿತು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಚುಚ್ಚುವುದು ಇದೇ. ಹಣದ ಅಡಚಣೆ ಬಂದಾಗ ಅವಳು ಮಕ್ಕಳನ್ನು ಬಿಟ್ಟುಕೊಟ್ಟು ಮತ್ತೆ ಬಣ್ಣ ಹಚ್ಚಿದಳು. ಆಮೇಲೆ ಅಳಿಯ ಮಾಡಿದ ಸಾಲ ಅವಳ ತಲೆಗೆ ಬಂತು. ಸೆರೆಯ ಭಯದಿಂದ 1815ರಲ್ಲಿ ಫ್ರಾನ್ಸಿಗೆ ಹೋದಳು. 1816ರ ಜುಲೈ 5ರಂದು ಸೇಂಟ್ ಕ್ಲೂನಲ್ಲಿ ತೀರಿಕೊಂಡಳು. ಮಕ್ಕಳು ಯಾರೂ ಹತ್ತಿರವಿರಲಿಲ್ಲ.

ವಿಲಿಯಂ 1830ರಲ್ಲಿ ರಾಜನಾದ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿಯಿಂದ ಡೋರಾಳ ಅಮೃತಶಿಲೆಯ ವಿಗ್ರಹ ಮಾಡಿಸಿದ. ಅದನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇಡಲು ಅಲ್ಲಿನ ಪಾದ್ರಿಗಳು ಒಪ್ಪಲಿಲ್ಲ. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 1980ರಲ್ಲಿ.