ಪದ ಪರಿಚಯ: ಕೊಲೆಸ್ಟ್ರಾಲ್ ಪ್ಯಾರಡಾಕ್ಸ್

ನಮ್ಮ ದೊಡ್ಡಮ್ಮನಿಗೆ ಆಗ 79. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ಒಂದು ವರ್ಷ ಒಟ್ಟು ಕೊಲೆಸ್ಟ್ರಾಲ್ 220ರಿಂದ 150ಕ್ಕೆ ಇಳಿದಿತ್ತು. ಮಾತ್ರೆ ಇಲ್ಲ, ಪಥ್ಯ ಇಲ್ಲ, ತಾನಾಗಿಯೇ ಇಳಿದಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. "ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿದೆ ನೋಡು ರಿಪೋರ್ಟು" ಅಂದೆವು. ಅವರ ರವಿಕೆಗಳೆಲ್ಲ ಸಡಿಲವಾಗಿದ್ದವು. ಅದನ್ನು ಯಾರೂ ಗಮನಿಸಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು.

ಕೊಲೆಸ್ಟ್ರಾಲ್ ಪ್ಯಾರಡಾಕ್ಸ್ ಅನ್ನುವ ಮಾತನ್ನು ನಾನು ಕೂತು ಓದಿ ಅರ್ಥ ಮಾಡಿಕೊಂಡದ್ದು ಅವರು ಹೋದ ಮೇಲೆ.

ಪ್ಯಾರಡಾಕ್ಸ್ ಎಂಬುದಕ್ಕೆ ಕನ್ನಡದಲ್ಲಿ ವಿರೋಧಾಭಾಸ ಅನ್ನುತ್ತೇವೆ. ಶಾಲೆಯಲ್ಲಿ ಅಲಂಕಾರದ ಪಾಠದಲ್ಲಿ ಕಲಿತ ಪದ. ಅದನ್ನು ಬಿಡಿಸಿ ನೋಡಿ. ವಿರೋಧ ಮತ್ತು ಆಭಾಸ. ಆಭಾಸ ಅಂದರೆ ತೋರಿಕೆ. ವಿರೋಧ ಇದ್ದ ಹಾಗೆ ತೋರುತ್ತದೆ, ಆದರೆ ಒಳಹೊಕ್ಕು ನೋಡಿದರೆ ವಿರೋಧವಿಲ್ಲ. ಈ ವಿಷಯಕ್ಕೆ ಇದಕ್ಕಿಂತ ಹೊಂದುವ ಪದ ನನಗೆ ಸಿಕ್ಕಿಲ್ಲ.

ಹಾಗಾದರೆ ಏನಿಲ್ಲಿ ವಿರೋಧ? ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಹೃದಯಕ್ಕೆ ಕೆಟ್ಟದ್ದು ಅಂತ ಎಲ್ಲರೂ ಕೇಳಿದ್ದೇವೆ. ಅದರಲ್ಲೂ ಎಲ್‌ಡಿಎಲ್ ಎಂಬ ಕಣಗಳಲ್ಲಿ ಸಾಗುವ ಕೊಲೆಸ್ಟ್ರಾಲ್. ಅದು ರಕ್ತನಾಳದ ಗೋಡೆಯೊಳಗೆ ಸೇರಿ, ವರ್ಷಗಟ್ಟಲೆ ಕೂತು, ನಾಳ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಆದರೆ ತುಂಬಾ ವಯಸ್ಸಾದವರನ್ನು ಮಾತ್ರ ತೆಗೆದುಕೊಂಡು ಲೆಕ್ಕ ಹಾಕಿದರೆ ಉಲ್ಟಾ ಕಾಣುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇದ್ದವರೇ ಹೆಚ್ಚು ಕಾಲ ಬದುಕಿರುತ್ತಾರೆ, ಕಡಿಮೆ ಇದ್ದವರು ಬೇಗ ಹೋಗಿರುತ್ತಾರೆ. ಇದೇ ಆ ವಿರೋಧಾಭಾಸ.

ಇದು ವಾಟ್ಸಾಪ್‌ನಲ್ಲಿ ಹುಟ್ಟಿದ ಸುದ್ದಿಯಲ್ಲ. ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ 85 ದಾಟಿದವರ ಬಗ್ಗೆ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 1997ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 724 ಮಂದಿ. ವಯಸ್ಸಿನ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ವಯಸ್ಸು 89. ಅವರನ್ನು ಹತ್ತು ವರ್ಷ ಗಮನಿಸಿದ್ದರು. ಒಟ್ಟು ಕೊಲೆಸ್ಟ್ರಾಲ್ (ಒಂದು ಡೆಸಿಲೀಟರ್ ರಕ್ತಕ್ಕೆ) ಸುಮಾರು 39 ಮಿಲಿಗ್ರಾಂ ಹೆಚ್ಚಿದ್ದಷ್ಟಕ್ಕೂ ಸಾವಿನ ಪ್ರಮಾಣ ಶೇ. 15ರಷ್ಟು ಕಡಿಮೆ ಇತ್ತು. 2001ರಲ್ಲಿ ಅಮೆರಿಕದ ಹೊನೊಲುಲುವಿನಿಂದ ಇಂಥದೇ ಸುದ್ದಿ ಬಂತು. ಅಲ್ಲಿ ನೋಡಿದ್ದು 71ರಿಂದ 93 ವಯಸ್ಸಿನ 3,572 ಜಪಾನಿ ಮೂಲದ ಅಮೆರಿಕನ್ ಗಂಡಸರನ್ನು. 2016ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಹಲವು ಹಳೆಯ ಅಧ್ಯಯನಗಳನ್ನು ಕೂಡಿಸಿದ ಲೇಖನ ಬಂತು. 60 ದಾಟಿದ 68 ಸಾವಿರ ಜನರ ಮಾಹಿತಿ ಅದರಲ್ಲಿತ್ತು. ಹೆಚ್ಚಿನ ಗುಂಪುಗಳಲ್ಲಿ ಎಲ್‌ಡಿಎಲ್ ಜಾಸ್ತಿ ಇದ್ದವರಲ್ಲಿ ಸಾವು ಕಡಿಮೆ ಎಂದು ಅದು ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಎತ್ತಿಕೊಂಡವು. ನಮ್ಮ ಫೋನಿಗೆ ಬರುವ "ಮಾತ್ರೆ ಬಿಸಾಕಿ, ತುಪ್ಪ ತಿನ್ನಿ" ಸಂದೇಶಗಳ ಬೇರು ಇಲ್ಲೆಲ್ಲೋ ಇದೆ.

ಅಂಕಿ ಸುಳ್ಳಲ್ಲ. ಅದನ್ನು ಓದಿಕೊಂಡ ರೀತಿಯಲ್ಲಿ ತೊಡಕಿದೆ.

ಲೈಡನ್ನಿನ ಅಧ್ಯಯನವನ್ನೇ ಇನ್ನೊಮ್ಮೆ ನೋಡೋಣ. ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು ಯಾವ ಸಾವಿನಿಂದ ತಪ್ಪಿಸಿಕೊಂಡಿದ್ದರು? ಹೃದಯದ ಕಾಯಿಲೆಯಿಂದಲ್ಲ. ಹೃದಯ, ರಕ್ತನಾಳಗಳ ಕಾಯಿಲೆಯ ಸಾವು ಕೊಲೆಸ್ಟ್ರಾಲ್ ಕಡಿಮೆ ಇದ್ದವರಲ್ಲೂ ಜಾಸ್ತಿ ಇದ್ದವರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ವ್ಯತ್ಯಾಸ ಇದ್ದದ್ದು ಕ್ಯಾನ್ಸರ್ ಮತ್ತು ಸೋಂಕಿನ ಸಾವುಗಳಲ್ಲಿ. ನನಗೆ ದೊಡ್ಡಮ್ಮನ ರಿಪೋರ್ಟು ನೆನಪಾದದ್ದು ಈ ಸಾಲು ಓದಿದಾಗ.

ಕೊಲೆಸ್ಟ್ರಾಲನ್ನು ಹೆಚ್ಚಾಗಿ ತಯಾರಿಸುವುದು ನಮ್ಮ ದೇಹವೇ, ಅದರಲ್ಲೂ ಯಕೃತ್ತು. ಒಳಗೆ ಕ್ಯಾನ್ಸರೋ ಕ್ಷಯವೋ ಬೇರೆ ಸೋಂಕೋ ಸೇರಿಕೊಂಡರೆ ಈ ಕೆಲಸ ಏರುಪೇರಾಗುತ್ತದೆ. ಊಟ ಸೇರುವುದಿಲ್ಲ. ಉರಿಯೂತದಿಂದ ಹೊರಡುವ ರಾಸಾಯನಿಕಗಳು ರಕ್ತದ ಕೊಲೆಸ್ಟ್ರಾಲನ್ನು ಇಳಿಸುತ್ತವೆ. ಬೆಳೆಯುವ ಕ್ಯಾನ್ಸರ್ ಕೋಶಗಳೂ ತಮಗಾಗಿ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತವೆ. ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಮೊದಲೇ ಅಂಕಿ ಇಳಿದಿರಬಹುದು. ಅಂದರೆ ಕೊಲೆಸ್ಟ್ರಾಲ್ ಇಳಿದದ್ದರಿಂದ ಸಾವು ಬಂದದ್ದಲ್ಲ. ಸಾವಿನ ಕಡೆಗೆ ಒಯ್ಯುತ್ತಿದ್ದ ಕಾಯಿಲೆಯೇ ಕೊಲೆಸ್ಟ್ರಾಲನ್ನೂ ಇಳಿಸಿತು.

ಅಡಿಕೆ ತೋಟದವರಿಗೆ ಇದು ಹೊಸದಲ್ಲ. ಬೇರುಹುಳ ಬಿದ್ದ ಮರದ ಸೋಗೆ ಹಳದಿಯಾಗುತ್ತದೆ. ಸೋಗೆ ಹಳದಿಯಾದ ಮರಗಳೇ ಜಾಸ್ತಿ ಸಾಯುತ್ತವೆ ಅನ್ನುವುದು ನಿಜ. ಹಾಗಂತ ಸೋಗೆಯ ಹಳದಿ ಬಣ್ಣ ಮರವನ್ನು ಕೊಂದಿತು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಬುಡ ಅಗೆದು ನೋಡುತ್ತಾರೆ. ಹೀಗೆ ಪರಿಣಾಮವನ್ನೇ ಕಾರಣ ಅಂದುಕೊಳ್ಳುವುದಕ್ಕೆ ಸಂಶೋಧಕರು ರಿವರ್ಸ್ ಕಾಸೇಶನ್ ಅನ್ನುತ್ತಾರೆ. ಕಾರಣ ಕಾರ್ಯಗಳು ಹಿಂದುಮುಂದಾದವು ಅಂತ ನಾವು ಹೇಳಬಹುದು.

ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲೂ ಈ ಸುಳಿವು ಇತ್ತು. ಅಮೆರಿಕದ ಆ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನದಿಂದ ಕೊಲೆಸ್ಟ್ರಾಲಿಗೂ ಹೃದಯಕ್ಕೂ ಇರುವ ನಂಟು ಜಗತ್ತಿಗೆ ಇನ್ನಷ್ಟು ಸ್ಪಷ್ಟವಾಯಿತು. ಅದರ 30 ವರ್ಷಗಳ ಲೆಕ್ಕ 1987ರಲ್ಲಿ ಹೊರಬಂತು. 50ರೊಳಗಿನವರಲ್ಲಿ ಕೊಲೆಸ್ಟ್ರಾಲ್ ಏರಿದಂತೆ ಸಾವೂ ಏರಿತ್ತು. 50 ದಾಟಿದವರಲ್ಲಿ ಆ ನಂಟು ಕಾಣಲಿಲ್ಲ. ಜೊತೆಗೆ, ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತಾ ಬಂದವರಲ್ಲಿ ಸಾವು ಹೆಚ್ಚಾಗಿತ್ತು. ಅವರನ್ನು ಸಾವಿಗೆ ದೂಡುತ್ತಿದ್ದ ಕಾಯಿಲೆಗಳೇ ಕೊಲೆಸ್ಟ್ರಾಲನ್ನು ಇಳಿಸಿರಬಹುದು ಅಂತ ಅದನ್ನು ಬರೆದವರೇ ಆಗಲೇ ಹೇಳಿದ್ದರು. ಅಂಕಿ ಮಾತ್ರ ಊರೂರು ಸುತ್ತಿತು, ಈ ವಿವರಣೆ ಅಲ್ಲೇ ಉಳಿಯಿತು.

ಇನ್ನೊಂದು ಕಾರಣ ಜರಡಿಯದು. ಕೊಲೆಸ್ಟ್ರಾಲಿನಿಂದ ಬೇಗ ತೊಂದರೆಗೆ ಒಳಗಾಗುವ ದೇಹದವರು 50ಕ್ಕೋ 60ಕ್ಕೋ ಹೋಗಿಬಿಟ್ಟಿರುತ್ತಾರೆ. 89ಕ್ಕೆ ಜರಡಿಯಲ್ಲಿ ಉಳಿದವರು ಅದನ್ನು ತಾಳಿಕೊಂಡ ಗಟ್ಟಿಗರು. ಅವರನ್ನು ಮಾತ್ರ ನೋಡಿ ಕೊಲೆಸ್ಟ್ರಾಲ್ ನಿರುಪದ್ರವಿ ಅಂದರೆ ಹೋದವರ ಲೆಕ್ಕವನ್ನೇ ಬಿಟ್ಟ ಹಾಗೆ.

ಇದೆಲ್ಲ ಸುಮ್ನೆ ತರ್ಕವಲ್ಲ, ಪರೀಕ್ಷಿಸಿಯೂ ನೋಡಿದ್ದಾರೆ. 1997ರಲ್ಲೇ ಅಮೆರಿಕದಿಂದ ಬಂದ, 4,066 ಹಿರಿಯರ ಮೇಲಿನ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಮೊದಲ ಲೆಕ್ಕದಲ್ಲಿ ಅವರಿಗೂ ಉಲ್ಟಾ ಫಲಿತಾಂಶವೇ ಬಂತು. ಕೊಲೆಸ್ಟ್ರಾಲ್ 160ರ ಕೆಳಗಿದ್ದವರೇ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಂತೆ ಕಂಡಿತು. ಆಮೇಲೆ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್, ಕಬ್ಬಿಣ ಎಷ್ಟಿದೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿದರು. ಇವು ಕಡಿಮೆ ಇದ್ದರೆ ದೇಹ ಸೊರಗಿದೆ ಎಂದರ್ಥ. ಮೊದಲ ವರ್ಷದೊಳಗಿನ ಸಾವುಗಳನ್ನು ಬಿಟ್ಟರು. ಚಿತ್ರ ಬದಲಾಯಿತು. ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಲ್ಲೇ ಹೃದಯದ ಸಾವು ಜಾಸ್ತಿ ಎಂದು ಕಂಡಿತು. ವಿರೋಧ ಹೋಯಿತು, ಆಭಾಸ ಅನ್ನುವುದು ಖಚಿತವಾಯಿತು.

ಜೀನ್‌ಗಳ ದಾರಿಯೂ ಅಲ್ಲಿಗೇ ಬರುತ್ತದೆ. ನಾವು ಹುಟ್ಟುವಾಗ ತಂದ ಜೀನ್‌ಗಳನ್ನು 80ರಲ್ಲಿ ಬರುವ ಕ್ಯಾನ್ಸರ್ ಬದಲಿಸಲಾರದು. ಹಾಗಾಗಿ ಎಲ್‌ಡಿಎಲ್ ಏರಿಸುವ ಜೀನ್‌ಗಳು ಯಾರಲ್ಲಿ ಎಷ್ಟಿವೆ ಅಂತ ನೋಡಿದರೆ ಕಾರಣ ಕಾರ್ಯಗಳು ಹಿಂದುಮುಂದಾಗುವ ಭಯವಿಲ್ಲ. 2015ರಲ್ಲಿ ಬಂದ ಇಂಥ ಒಂದು ಅಧ್ಯಯನದಲ್ಲಿ ಲೈಡನ್ನಿನ ಹಿರಿಯರ ಮಾಹಿತಿಯೂ ಸೇರಿತ್ತು. ಎಲ್‌ಡಿಎಲ್ ಏರಿಸುವ ಜೀನ್‌ಗಳು ಮುಪ್ಪಿನಲ್ಲೂ ಸಾವಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂದು ಅದು ತೋರಿಸಿತು. ದೀರ್ಘಾಯುಷಿಗಳ ಮನೆತನಗಳಲ್ಲಿ ಆ ಜೀನ್‌ಗಳ ಹೊರೆ ಕಡಿಮೆ ಇತ್ತು.

ಹಾಗಂತ ವಯಸ್ಸಿಗೆ ಲೆಕ್ಕವೇ ಇಲ್ಲ ಅಂತಲ್ಲ. 61 ಅಧ್ಯಯನಗಳ ಸುಮಾರು 9 ಲಕ್ಷ ಜನರ ಲೆಕ್ಕ 2007ರಲ್ಲಿ ಬಂತು. ಒಟ್ಟು ಕೊಲೆಸ್ಟ್ರಾಲ್ 39 ಮಿಲಿಗ್ರಾಂ ಕಡಿಮೆ ಇದ್ದರೆ ಹೃದಯಾಘಾತದಂಥ ಸಾವು 40ರ ಹರೆಯದಲ್ಲಿ ಅರ್ಧದಷ್ಟು ಕಡಿಮೆ. 50ರಿಂದ 69ರವರೆಗೆ ಮೂರನೇ ಒಂದರಷ್ಟು. 70ರಿಂದ 89ರಲ್ಲಿ ಆರನೇ ಒಂದರಷ್ಟು ಮಾತ್ರ. ನಂಟು ಸಡಿಲವಾಗುತ್ತದೆ, ಕಡಿದು ಹೋಗುವುದಿಲ್ಲ. ಆದರೆ ಮುಪ್ಪಿನಲ್ಲಿ ಹೃದಯಾಘಾತವೇ ಜಾಸ್ತಿ. ಜಾಸ್ತಿಯಲ್ಲಿ ಆರನೇ ಒಂದು ಅಂದರೂ ಸಣ್ಣದಲ್ಲ.

ಮಾತ್ರೆಯ ಪ್ರಶ್ನೆ ಬೇರೆಯೇ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ 28 ಪ್ರಯೋಗಗಳನ್ನು ಕೂಡಿಸಿದ ಲೆಕ್ಕ 2019ರಲ್ಲಿ ಬಂತು. ಅದರಲ್ಲಿದ್ದ ಸುಮಾರು 1.87 ಲಕ್ಷ ಜನರಲ್ಲಿ 75 ದಾಟಿದವರು 14,483. ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದ ಹಿರಿಯರಿಗೆ ಮಾತ್ರೆಯಿಂದ ಉಪಯೋಗ ಇದೆ ಎಂದು ಅದು ಹೇಳುತ್ತದೆ. ಯಾವ ಹೃದಯದ ಕಾಯಿಲೆಯೂ ಇಲ್ಲದೆ 75 ದಾಟಿದವರಿಗೆ ಹೊಸದಾಗಿ ಶುರುಮಾಡಬೇಕೇ ಅನ್ನುವುದಕ್ಕೆ ಅದರಲ್ಲಿ ಸಿಕ್ಕ ಆಧಾರ ತೆಳು. ಅದಕ್ಕೆಂದೇ ಆಸ್ಟ್ರೇಲಿಯಾದಲ್ಲೂ ಅಮೆರಿಕದಲ್ಲೂ ಹಿರಿಯರ ಮೇಲೇ ದೊಡ್ಡ ಪ್ರಯೋಗಗಳನ್ನು ಶುರುಮಾಡಿದರು. ಇದು ಡಾಕ್ಟರ ಜೊತೆ ಕೂತು ಮಾತಾಡುವ ವಿಷಯ. ಕಿಡ್ನಿ ಹೇಗಿದೆ, ಬೇರೆ ಎಷ್ಟು ಮಾತ್ರೆ ನುಂಗುತ್ತಿದ್ದಾರೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ತುಂಬಾ ಸೊರಗಿದವರಿಗೆ ಡಾಕ್ಟರೇ ಮಾತ್ರೆ ನಿಲ್ಲಿಸುವುದೂ ಉಂಟು. ಸಂದೇಶ ಓದಿ ನಾವೇ ನಿಲ್ಲಿಸುವುದು ಬೇಡ, ದಯವಿಟ್ಟು.

ನನಗೆ ಹೆಚ್ಚು ಕಳವಳ ಆಗುವುದು 89ರವರ ಫಲಿತಾಂಶವನ್ನು 45ರವರು ತಮಗೆ ಅನ್ವಯಿಸಿಕೊಂಡಾಗ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ಲೈಡನ್ನಿನ ಅಜ್ಜ ಅಜ್ಜಿಯರ ವಯಸ್ಸು ಮುಟ್ಟಬೇಕಾದರೆ ನಾವು ಮೊದಲು ಆ 53ನ್ನು ದಾಟಬೇಕು.

ಈಗ ನಮ್ಮ ಮನೆಯಲ್ಲಿ ಅಪ್ಪನ ರಿಪೋರ್ಟುಗಳೆಲ್ಲ ಒಂದೇ ಫೈಲಿನಲ್ಲಿವೆ. ಪ್ರತಿ ಹಾಳೆಯ ಮೇಲೆ ಆ ದಿನದ ತೂಕವನ್ನು ಪೆನ್ನಿನಲ್ಲಿ ಬರೆದಿಡುತ್ತೇವೆ. ಕಳೆದ ಸಲ ಕೊಲೆಸ್ಟ್ರಾಲ್ 20 ಇಳಿದಿತ್ತು. ಅಮ್ಮ ಮೊದಲು ಕೇಳಿದ್ದು, "ಊಟ ಸರಿಯಾಗಿ ಸೇರ್ತಿದೆಯಾ ನಿಮಗೆ?"