ರಿವಾಲ್ವಿಂಗ್ ಚೇರ್ ತಪ್ಪು ಇಂಗ್ಲಿಷಾ?

ಪ್ರಶ್ನೆ: ತನ್ನ ಸುತ್ತ ತಾನೇ ತಿರುಗಿದರೆ ರೊಟೇಟ್, ಇನ್ನೊಂದರ ಸುತ್ತ ತಿರುಗಿದರೆ ರಿವಾಲ್ವ್ ಅಂತ ಓದಿದ್ದೇವೆ. ಹಾಗಾದರೆ ರಿವಾಲ್ವಿಂಗ್ ಚೇರ್ ಅನ್ನುವುದು ತಪ್ಪು ಅಲ್ವಾ?

ಅಲ್ಲ. ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಈ ಸಲ ಬುಡಸಮೇತ ಕಿತ್ತುಬಿಡೋಣ.

ನೀವು ಓದಿದ್ದು ಖಗೋಳ ಪಾಠದ ನಿಯಮ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದು ರೊಟೇಟ್, ಸೂರ್ಯನ ಸುತ್ತ ಹೋಗುವುದು ರಿವಾಲ್ವ್. ಎರಡು ಚಲನೆಗಳು ಕಲಸಿಹೋಗಬಾರದು ಅಂತ ಅಲ್ಲಿ ಮಾಡಿಕೊಂಡ ಏರ್ಪಾಡು ಅದು. ವಿಜ್ಞಾನದ ಪರೀಕ್ಷೆಯಲ್ಲಿ ಹಾಗೆಯೇ ಬರೆಯಿರಿ. ಆದರೆ ಇಡೀ ಇಂಗ್ಲಿಷಿನ ಮೇಲೆ ಅದನ್ನು ಹೇರಬೇಡಿ.

ಸಾಕ್ಷಿ ಬೇಕಾ? 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಬಂದೂಕನ್ನು ನೋಡಿ. ಹಿಂದಿನ ಹ್ಯಾಮರ್ ಎಳೆದರೆ ಗುಂಡು ತುಂಬಿದ ಸಿಲಿಂಡರ್ ಒಂದು ಮನೆಯಷ್ಟು ತಿರುಗುತ್ತದೆ, ಮುಂದಿನ ಗುಂಡು ನಳಿಕೆಯ ನೇರಕ್ಕೆ ಬಂದು ನಿಲ್ಲುತ್ತದೆ. ಸಿಲಿಂಡರ್ ತಿರುಗುವುದು ತನ್ನದೇ ಅಕ್ಷದ ಮೇಲೆ. ಆದರೂ ಅಂಥ ಬಂದೂಕಿಗೆ ರಿವಾಲ್ವರ್ ಅಂತಲೇ ಹೆಸರು. ಇಂಜಿನ್ನಿನ ಆರ್‌ಪಿಎಂ ಅನ್ನುತ್ತೇವಲ್ಲ, ಅದು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ; ಆ ಆರ್ ಅಂದರೆ ರೆವಲ್ಯೂಷನ್ಸ್, ರಿವಾಲ್ವ್‌ನದೇ ನಾಮಪದ. ಇಂಜಿನ್ನಿನೊಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಯಾವುದಕ್ಕೂ ಪ್ರದಕ್ಷಿಣೆ ಹಾಕುವುದಿಲ್ಲ, ಇದ್ದಲ್ಲೇ ತಿರುಗುತ್ತದೆ. ಎಲ್‌ಪಿ ರೆಕಾರ್ಡ್ ಕೂಡ ಇದ್ದಲ್ಲೇ ನಿಮಿಷಕ್ಕೆ 33⅓ ರೆವಲ್ಯೂಷನ್ ಮುಗಿಸುತ್ತದೆ. ಇಷ್ಟೆಲ್ಲ ಸರಿ ಇರುವಾಗ ಕುರ್ಚಿ ಒಂದೇ ಏನು ತಪ್ಪು ಮಾಡಿತು?

ಆ ಕಡೆಯಿಂದಲೂ ನೋಡಿ. ಕ್ರಾಪ್ ರೊಟೇಷನ್‌ನಲ್ಲಿ ಅಕ್ಷ ಎಲ್ಲಿದೆ? ಹೊಲ ತಿರುಗುವುದಿಲ್ಲ, ಬೆಳೆ ಸರದಿಯಂತೆ ಬದಲಾಗುತ್ತದೆ, ಅಷ್ಟೇ. ಸರದಿಯ ಅರ್ಥಕ್ಕೆ ರೊಟೇಟ್ ಬೇಕು, ರಿವಾಲ್ವ್ ಹೊಂದುವುದಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಫೋಟೊ ಅಡ್ಡಡ್ಡ ಬಂದರೆ ‘ರೊಟೇಟ್ ದ ಫೋಟೊ’ ಅನ್ನಬಹುದು. ‘ರಿವಾಲ್ವ್ ದ ಫೋಟೊ’ ಅಂತ ಯಾರೂ ಅನ್ನುವುದಿಲ್ಲ. ಇನ್ನೊಂದನ್ನು ನಾವು ತಿರುಗಿಸುವಾಗ ರೊಟೇಟ್ ಸಲೀಸು. ರಿವಾಲ್ವ್ ಹೆಚ್ಚಾಗಿ ತಾನಾಗಿ ತಿರುಗುವುದಕ್ಕೆ. ಕಥೆ ಒಬ್ಬ ಹುಡುಗಿಯ ಸುತ್ತ ನಡೆದರೆ ಮಾತ್ರ ‘ರಿವಾಲ್ವ್ಸ್ ಅರೌಂಡ್’ ಅಂತಲೇ ಬರೆಯಬೇಕು. ಅಲ್ಲಿ ರೊಟೇಟ್ ಹಾಕಿದರೆ ಓದುವವರು ತಡವರಿಸುತ್ತಾರೆ.

ತಿರುಗುವ ಮಾತು ಬಂತಲ್ಲ, ಚಂದ್ರನ ವಿಷಯವನ್ನೂ ಹೇಳಿಬಿಡುತ್ತೇನೆ. ಯಾವಾಗಲೂ ಒಂದೇ ಮುಖ ಕಾಣುವುದರಿಂದ ಚಂದ್ರ ರೊಟೇಟ್ ಆಗುವುದೇ ಇಲ್ಲ ಅಂತ ಜಾಸ್ತಿ ಜನ ನಂಬಿದ್ದಾರೆ. ಆಗುತ್ತದೆ. ಭೂಮಿಯನ್ನು ಒಮ್ಮೆ ಸುತ್ತಲು ಅದಕ್ಕೆ ಸುಮಾರು 27.3 ದಿನ ಬೇಕು, ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲೂ ಅಷ್ಟೇ. ಸ್ನೇಹಿತರೊಬ್ಬರನ್ನು ಕೋಣೆಯ ನಡುವೆ ನಿಲ್ಲಿಸಿ, ಅವರತ್ತಲೇ ಮುಖ ಮಾಡಿಕೊಂಡು ಒಂದು ಸುತ್ತು ಬನ್ನಿ. ಅವರಿಗೆ ನಿಮ್ಮ ಬೆನ್ನು ಕಾಣುವುದೇ ಇಲ್ಲ. ಆದರೆ ನಿಮ್ಮ ಕಣ್ಣೆದುರು ನಾಲ್ಕೂ ಗೋಡೆಗಳು ಹಾದುಹೋಗಿರುತ್ತವೆ, ಅಂದರೆ ನೀವು ಪೂರ್ತಿ ಒಂದು ಸಲ ತಿರುಗಿದ್ದೀರಿ. ಇನ್ನು ಆ ‘ಒಂದೇ ಮುಖ’ ಅನ್ನುವುದೂ ಪೂರ್ತಿ ನಿಜವಲ್ಲ. ಚಂದ್ರ ನಮಗೆ ಕೊಂಚ ಓಲಾಡಿದಂತೆ ಕಾಣುವುದರಿಂದ ಅದರ ಮೈಯ ಸುಮಾರು ಶೇಕಡ 59ರಷ್ಟು ಭಾಗ ಒಂದಲ್ಲ ಒಂದು ಸಮಯಕ್ಕೆ ಭೂಮಿಯಿಂದ ನೋಡಸಿಗುತ್ತದೆ.