ಮಲ್ಚಿಂಗ್ ಮೇಲೆ ಬೂಷ್ಟು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಬೆಂಗಳೂರಿನಲ್ಲಿ ಮಳೆ ಹಿಡಿದರೆ ಸಾಕು, ಕೈತೋಟ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಗಿಡದ ಬುಡಕ್ಕೆ ಹಾಕಿದ ಹೊದಿಕೆ (ಮಲ್ಚಿಂಗ್) ಮೇಲೆ ಬಿಳಿ ಬೂಷ್ಟು ಬಂದಿದೆ, ಏನು ಹೊಡೆಯೋದು? ತೋಟಗಾರಿಕೆ ಕಲಿಯುತ್ತಿರುವ ನಾವು ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಬೂಷ್ಟು ಹೊದಿಕೆ ಮೇಲೆ ಮಾತ್ರ ಇದೆಯಾ, ಕಾಂಡಕ್ಕೂ ಹತ್ತಿದೆಯಾ?

ಒಣ ಎಲೆ, ತೆಂಗಿನ ನಾರು, ಮರದ ಚಕ್ಕೆ, ಭತ್ತದ ಹೊಟ್ಟು, ಎಲ್ಲವೂ ಸತ್ತ ಸಸ್ಯದ ಭಾಗಗಳೇ. ಅವುಗಳಿಗೆ ಗಟ್ಟಿತನ ಕೊಡುವ ಸೆಲ್ಯುಲೋಸ್ ಮತ್ತು ಲಿಗ್ನಿನ್ ಒಡೆಯುವ ಕೆಲಸದಲ್ಲಿ ಶಿಲೀಂಧ್ರಗಳದ್ದೇ ದೊಡ್ಡ ಪಾಲು. ತೇವ, ಗಾಳಿ, ಹದವಾದ ಬಿಸಿ ಸಿಕ್ಕರೆ ಅವು ಬೆಳೆದೇ ಬೆಳೆಯುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮೂರಲ್ಲಿ ಮೂರಕ್ಕೂ ಬರವಿಲ್ಲ. ಹೊದಿಕೆಯನ್ನು ಸ್ವಲ್ಪ ಎತ್ತಿ ನೋಡಿ. ಬಿಳಿ ಎಳೆಗಳು ಎಲೆಯಿಂದ ಎಲೆಗೆ ಹಬ್ಬಿವೆ, ಹಸಿ ಮಣ್ಣಿನ ವಾಸನೆ ಬರುತ್ತಿದೆ ಅಂದರೆ ಅಲ್ಲಿ ಗೊಬ್ಬರ ತಯಾರಾಗುತ್ತಿದೆ. ರೋಗ ತಡೆಯಲು ಮಣ್ಣಿಗೆ ಹಾಕುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ ಹಾಕಿದ್ದರೆ ಅದೂ ಮೊದಲು ಬೆಳ್ಳಗೆ ಹಬ್ಬಿ ಆಮೇಲೆ ಹಸಿರಾಗುತ್ತದೆ. ದುಡ್ಡು ಕೊಟ್ಟು ತಂದು ಹಾಕಿದ್ದನ್ನೇ ರೋಗ ಅಂತ ಕಿತ್ತು ಬಿಸಾಡುವವರಿದ್ದಾರೆ, ನೋಡಿದರೆ ಬೇಜಾರಾಗುತ್ತದೆ.

ಹೆದರಬೇಕಾದ್ದು ಸ್ಕ್ಲೆರೋಶಿಯಂ ರಾಲ್ಫ್ಸಿಗೆ. ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿ ಗಿಡಗಳಿಗೆ ಬುಡಕೊಳೆ ರೋಗ ತರುವ ಶಿಲೀಂಧ್ರ ಇದು. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದಾಗಿ ಮೆತ್ತಗಾಗುತ್ತದೆ. ಅದರ ಸುತ್ತ ಬಿಳಿ ಎಳೆಗಳು ಬೀಸಣಿಗೆ ಆಕಾರದಲ್ಲಿ ಹರಡುತ್ತವೆ. ನೀರಿದ್ದರೂ ಗಿಡ ಬಾಡುತ್ತದೆ. ಎಳೆಗಳ ನಡುವೆ ಸಾಸಿವೆ ಕಾಳಿನಷ್ಟು ಗುಂಡಗಿನ ಗಂಟುಗಳು ಕಾಣುತ್ತವೆ, ಮೊದಲು ಬಿಳಿ, ಬಲಿತ ಮೇಲೆ ಕಂದು. ಈ ಗಂಟುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಈ ಶಿಲೀಂಧ್ರ ಮೊದಲು ಕಸಕಡ್ಡಿ ತಿಂದು ಬಲಿತು, ಆಮೇಲೆ ಜೀವಂತ ಕಾಂಡಕ್ಕೆ ಕೈ ಹಾಕುತ್ತದೆ. ಒದ್ದೆ ಎಲೆಯನ್ನು ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದರೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಇಂಥ ಗಿಡ ಕಂಡರೆ ಬುಡದ ಮಣ್ಣಿನ ಸಮೇತ ತೆಗೆದು ಚೀಲಕ್ಕೆ ಕಟ್ಟಿ ಹೊರಹಾಕಿ. ಕಾಂಪೋಸ್ಟ್ ಗುಂಡಿಗೆ ಮಾತ್ರ ಬೇಡ. ಅದೇ ಕುಂಡದಲ್ಲಿ ಮತ್ತೆ ಟೊಮೆಟೊ ನೆಡಬೇಡಿ.

ಬರೀ ಹೊದಿಕೆ ಮೇಲಿನ ಬೂಷ್ಟು ಕಣ್ಣಿಗೆ ಚೆನ್ನಾಗಿ ಕಾಣುತ್ತಿಲ್ಲ ಅಂದರೆ ಕೈಯಿಂದ ಕೆದಕಿ ತಿರುವಿ ಹಾಕಿ. ಒಂದೆರಡು ದಿನ ನೀರು ಹಾಕಬೇಡಿ. ಹೊದಿಕೆ 5ರಿಂದ 7 ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಕಾಂಡದ ಸುತ್ತ ಕನಿಷ್ಠ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ನೀರು ಬೆಳಿಗ್ಗೆ ಹಾಕಿ, ಅದೂ ಮಣ್ಣು ಮುಟ್ಟಿ ನೋಡಿ. ಹೊದಿಕೆ ಕೆಳಗೆ ತೇವ ಜಾಸ್ತಿ ದಿನ ಇರುತ್ತದೆ ಅಲ್ವಾ, ಮೊದಲಿನಷ್ಟೇ ಹಾಕುತ್ತಾ ಹೋಗುವುದರಿಂದಲೇ ಅರ್ಧ ತೊಂದರೆ. ನಮ್ಮ ರಸ್ತೆಗಳಲ್ಲಿ ಗುಡಿಸಿದಷ್ಟೂ ಸಿಗುವ ಮಳೆಮರದ ಎಲೆಗೆ ಇನ್ನೊಂದು ಎಚ್ಚರಿಕೆ ಬೇಕು. ಸಣ್ಣ ಎಲೆ, ಒದ್ದೆಯಾದರೆ ಪದರ ಪದರವಾಗಿ ಅಂಟಿಕೊಳ್ಳುತ್ತದೆ, ಗಾಳಿಯಾಡುವುದಿಲ್ಲ. ತೆಂಗಿನ ಸಿಪ್ಪೆ ಚೂರು ಬೆರೆಸಿದರೆ ಸಡಿಲವಾಗಿರುತ್ತದೆ. ಬೇಸಿಗೆಯಲ್ಲಿ ಇದರ ಉಲ್ಟಾ. ಎಳೆ ತುಂಬಿದ ಹೊದಿಕೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಡದೆ ಪಕ್ಕಕ್ಕೆ ಹರಿಸುತ್ತದೆ. ಆಗಲೂ ಕೆದಕುವುದೇ ಮದ್ದು.

ರಾತ್ರೋರಾತ್ರಿ ಹಳದಿ ನೊರೆ ಉಕ್ಕಿದ್ದರೆ ಅದು ಲೋಳೆ ಬೂಷ್ಟು, ನಿಜವಾದ ಶಿಲೀಂಧ್ರವೇ ಅಲ್ಲ. ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ, ಗಿಡಕ್ಕೆ ರೋಗ ತರುವುದಿಲ್ಲ. ಒಣಗಿ ಪುಡಿಯಾಗುವ ಮೊದಲೇ ಕರಣೆಯಿಂದ ಎತ್ತಿಬಿಡಿ. ಪೈಪಿನಿಂದ ನೀರು ಹೊಡೆದರೆ ಇನ್ನಷ್ಟು ಹರಡುತ್ತದೆ. ಕುಂಡದಲ್ಲಿ ಏಳುವ ಹಳದಿ ಅಣಬೆಯಿಂದಲೂ ಗಿಡಕ್ಕೆ ತೊಂದರೆಯಿಲ್ಲ, ಆದರೆ ಅದು ವಿಷ. ಮನೆಯಲ್ಲಿ ಮಕ್ಕಳು, ನಾಯಿ ಬೆಕ್ಕು ಇದ್ದರೆ ಕಂಡ ತಕ್ಷಣ ಕಿತ್ತು ಹಾಕಿ.

ಶಿಲೀಂಧ್ರನಾಶಕ ಸುಮ್ನೆ ಖರ್ಚು. ಮೇಲಿನ ಬಿಳುಪು ಹೋಗುತ್ತದೆ, ಕೆಳಗಿನ ತೇವ, ಆಹಾರ ಹಾಗೇ ಉಳಿಯುತ್ತವೆ, ಬೂಷ್ಟು ಮತ್ತೆ ಬರುತ್ತದೆ. ಸಾಲದ್ದಕ್ಕೆ ಟ್ರೈಕೋಡರ್ಮಾದಂಥ ಒಳ್ಳೆಯವೂ ಸಾಯಬಹುದು. ತಾಮ್ರದ ಔಷಧಿಯಾದರೆ ತಾಮ್ರ ಮಣ್ಣಿನಲ್ಲೇ ಸೇರುತ್ತಾ ಹೋಗುತ್ತದೆ.

ಒಣಗಿದ ಬೂಷ್ಟನ್ನು ಕೆದಕುವಾಗ ಬೀಜಕಗಳು ಧೂಳಿನ ಹಾಗೆ ಏಳುತ್ತವೆ. ಮೊದಲು ಸ್ವಲ್ಪ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಅಸ್ತಮಾ ಇರುವವರು ಈ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡುವುದೇ ಒಳ್ಳೆಯದು.